ಗಾಳಿ ಇಲ್ಲ, ಮಳೆ ಇಲ್ಲ. ಆದರೂ ಕಡಲನ್ನು ನಂಬುವಂತಿಲ್ಲ

ಕಾಸರಗೋಡು: ಶಾಲೆಗೆ ಬೇಸಗೆ ರಜೆ ಸಿಕ್ಕಿದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯ ಮನೆಗಳಲ್ಲಿ ಮಕ್ಕಳ ಮೊದಲ ಬೇಡಿಕೆ ಕಡಲ ಕಿನಾರೆ. ಬೇಕಲ ಕೋಟೆ ನೋಡಿ, ಪಳ್ಳಿಕ್ಕೆರೆಯಲ್ಲೋ ಕಣ್ವತೀರ್ಥದಲ್ಲೋ ನೀರಿಗಿಳಿದು, ಕತ್ತಲಾಗುವಾಗ ಮನೆ ಸೇರುವುದು ವಾಡಿಕೆ. ಎಪ್ರಿಲ್, ಮೇ ತಿಂಗಳಲ್ಲಿ ಕಡಲು ನೋಡಲಿಕ್ಕೂ ಹಾಗೆಯೇ ಇರುತ್ತದೆ. ಬೆಳಿಗ್ಗೆ ಗಾಳಿ ಇಲ್ಲ, ಆಕಾಶದಲ್ಲಿ ಮೋಡ ಇಲ್ಲ, ನೀರು ಎಣ್ಣೆ ಹೊಯ್ದ ಹಾಗೆ ನಯ. "ಇಷ್ಟು ತಣ್ಣಗಿನ ಕಡಲಲ್ಲಿ ಎಂತ ಆಗ್ತದೆ ಮಾರಾಯ್ರೇ?" ಎಂದು ಯಾರಾದರೂ ಕೇಳಿದರೆ ತಪ್ಪೆನ್ನುವ ಹಾಗಿಲ್ಲ.

ಆದರೆ ನಮ್ಮ ಕರಾವಳಿಯಲ್ಲಿ ಮಳೆಗಾಲವನ್ನು ಬಿಟ್ಟರೆ ಕಡಲು ಮೋಸ ಮಾಡುವುದು ಹೆಚ್ಚಾಗಿ ಇಂಥ ದಿನಗಳಲ್ಲೇ. ಮಳೆಗಾಲದ ಕಡಲು ಅಬ್ಬರಿಸಿ ಹೇಳುತ್ತದೆ, ಹತ್ತಿರ ಬರಬೇಡ ಎಂದು. ಬೇಸಗೆಯ ಕಡಲು ಏನೂ ಹೇಳುವುದಿಲ್ಲ.

ಕಳ್ಳನ ಹಾಗೆ ಬರುವ ಕಡಲು

ಕೇರಳದ ಮೀನುಗಾರರು ಇದಕ್ಕೆ ಇಟ್ಟ ಹೆಸರು 'ಕಳ್ಳಕ್ಕಡಲ್'. ಕನ್ನಡದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ, ಮಳೆ, ಗುಡುಗಿನ ಯಾವ ಸೂಚನೆಯೂ ಇಲ್ಲದೆ, ಕಳ್ಳನಂತೆ ಬಂದು ದಡವನ್ನು ನುಂಗುವ ಕಡಲು. 2012ರಲ್ಲಿ ಯುನೆಸ್ಕೊ ಕೂಡಾ ಈ ಹೆಸರನ್ನು ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ದೋಣಿಯವರ ಬಾಯಿಮಾತು ಈಗ ಶಾಸ್ತ್ರದ ಪುಸ್ತಕದ ಪದ.

ಈ ತೆರೆಗಳು ಹುಟ್ಟುವುದು ನಮ್ಮ ಕಡಲಲ್ಲಿ ಅಲ್ಲ. ಭೂಮಧ್ಯರೇಖೆಯಿಂದ ತೆಂಕಣಕ್ಕೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ದೊಡ್ಡ ಬಿರುಗಾಳಿಗಳು ಏಳುತ್ತವೆ. ಅಲ್ಲಿ ದಿನಗಟ್ಟಲೆ ಬೀಸಿದ ಗಾಳಿ ನೀರಿಗೆ ಕೊಟ್ಟ ಶಕ್ತಿ ಉದ್ದನೆಯ ತೆರೆಗಳಾಗಿ ಬಡಗಣಕ್ಕೆ ಹೊರಡುತ್ತದೆ. ದಾರಿಯಲ್ಲಿ ತಡೆಯಲು ನೆಲವಿಲ್ಲ. ಅಲ್ಲಿನ ಗಾಳಿ ಅಲ್ಲೇ ಉಳಿಯುತ್ತದೆ, ತೆರೆ ಮಾತ್ರ ಇಲ್ಲಿಗೆ ಬರುತ್ತದೆ. ಹಾಗಾಗಿಯೇ ನಮ್ಮ ಆಕಾಶ ನೋಡಿ ಇದನ್ನು ತಿಳಿಯಲು ಸಾಧ್ಯವಿಲ್ಲ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಸ್ಥಳೀಯ ಗಾಳಿಗೆ ಏಳುವ ತೆರೆಗಳು ಸಾಮಾನ್ಯವಾಗಿ ಐದು ಸೆಕೆಂಡಿಗೊಂದರಂತೆ ಬರುತ್ತವೆ. ಆಳದ ನೀರಿನಲ್ಲಿ ಅವುಗಳ ಉದ್ದ, ಅಂದರೆ ಒಂದು ತೆರೆಯ ತುದಿಯಿಂದ ಮುಂದಿನದರ ತುದಿಗೆ, 40 ಮೀಟರಿನಷ್ಟು. ದೂರದಿಂದ ಬರುವ ಈ ತೆರೆಗಳ ಅಂತರ 16 ಸೆಕೆಂಡ್ ಎಂದಿಟ್ಟುಕೊಳ್ಳಿ, ಆಗ ಉದ್ದ ಸುಮಾರು 400 ಮೀಟರ್. ಇವುಗಳ ಗುಂಪು ಗಂಟೆಗೆ 45 ಕಿ.ಮೀ. ಸಾಗುತ್ತದೆ. ದಕ್ಷಿಣದ 40 ಡಿಗ್ರಿ ಅಕ್ಷಾಂಶದಿಂದ ಕಾಸರಗೋಡಿಗೆ ನೇರ ದೂರ 5,800 ಕಿ.ಮೀ. ಆಸುಪಾಸು. ಅಲ್ಲಿ ಎದ್ದ ತೆರೆ ಇಲ್ಲಿಗೆ ತಲುಪಲು ಐದಾರು ದಿನ ಸಾಕು.

ನಡುಕಡಲಲ್ಲಿ ಇಷ್ಟು ಉದ್ದದ ತೆರೆ ಕಣ್ಣಿಗೆ ಬೀಳುವುದೇ ಇಲ್ಲ. ದೋಣಿ ನಿಧಾನವಾಗಿ ಏರಿ ಇಳಿದ ಹಾಗೆ ಆಗುತ್ತದೆ, ಅಷ್ಟೆ. ದಡದ ಹತ್ತಿರ ನೀರಿನ ಆಳ ಕಡಿಮೆಯಾದಂತೆ ತೆರೆ ನಿಧಾನವಾಗುತ್ತದೆ, ಹಿಂದಿನದು ಮುಂದಿನದನ್ನು ಒತ್ತುತ್ತದೆ, ಎತ್ತರ ಏರುತ್ತದೆ. ಒಂದೇ ಎತ್ತರದ ಎರಡು ತೆರೆಗಳಲ್ಲಿ 16 ಸೆಕೆಂಡಿನ ತೆರೆ ದಡಕ್ಕೆ ತರುವ ಶಕ್ತಿ 5 ಸೆಕೆಂಡಿನ ತೆರೆಗಿಂತ ಮೂರು ಪಟ್ಟು ಹೆಚ್ಚು. "ಒಂದು ಮೀಟರ್ ತೆರೆ ತಾನೆ" ಎಂದು ಹಗುರ ಮಾಡಬಾರದು ಎನ್ನುವುದು ಇದಕ್ಕೇ.

2024 ಕಲಿಸಿದ ಪಾಠ

2024ರ ಮಾರ್ಚ್ 31ರಂದು ತಿರುವನಂತಪುರ, ಕೊಲ್ಲಂ, ಆಲಪ್ಪುಳ, ತೃಶ್ಶೂರು ಜಿಲ್ಲೆಗಳ ತೀರದಲ್ಲಿ ಕಡಲು ಹಠಾತ್ತನೆ ಮನೆಯಂಗಳಕ್ಕೆ ನುಗ್ಗಿತು. ಬಿರುಗಾಳಿಯೂ ಇರಲಿಲ್ಲ, ಮಳೆಗಾಲವೂ ಆಗಿರಲಿಲ್ಲ. ಅದಕ್ಕೆ ಸುಮಾರು ಒಂದು ವಾರ ಮೊದಲು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ದೊಡ್ಡ ತೆರೆಗಳೇ ಕಾರಣವೆಂದು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ತಿಳಿಸಿತು.

ಮೇ ತಿಂಗಳ ಮೊದಲ ವಾರ ಮತ್ತೊಮ್ಮೆ ಅದೇ ಆಯಿತು. ಈ ಬಾರಿ ಮುಂಚಿತವಾಗಿ ಎಚ್ಚರಿಕೆ ಬಂದಿತ್ತು. ಆದರೂ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಗಣಪತಿಪುರಂ ಬಳಿಯ ಲೆಮೂರ್ ಬೀಚಿನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ತೆರೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು.

ಎಚ್ಚರಿಕೆ ಹೊರಡಿಸುವುದು ಬೇರೆ, ಅದು ಜನರ ಕಿವಿಗೆ ಬೀಳುವುದು ಬೇರೆ. ಇನ್‌ಕಾಯ್ಸ್ 2020ರಿಂದ ಈ ತೆರೆಗಳಿಗೆಂದೇ ಪ್ರತ್ಯೇಕ ಮುನ್ಸೂಚನಾ ವ್ಯವಸ್ಥೆ ನಡೆಸುತ್ತಿದೆ. ತೆಂಕಣದಲ್ಲಿ ತೆರೆ ಎದ್ದ ಮೇಲೆ ಅದು ನಮ್ಮಲ್ಲಿಗೆ ಬರುವ ಹೊತ್ತನ್ನು ದಿನಗಳ ಮೊದಲೇ ಹೇಳಬಹುದು. ಚಂಡಮಾರುತದ ದಾರಿ ಹೇಳುವಷ್ಟು ಕಷ್ಟ ಇದರಲ್ಲಿಲ್ಲ. ವಿಜ್ಞಾನದ ಕೆಲಸ ಬಹುಮಟ್ಟಿಗೆ ಆಗಿದೆ. ಉಳಿದಿರುವುದು ಕೊನೆಯ ಒಂದು ಕಿಲೋಮೀಟರಿನ ಕೆಲಸ, ಅಂದರೆ ಬೀಚಿನಲ್ಲಿ ನಿಂತಿರುವ ಮನುಷ್ಯನಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು.

ಮಲೆಯಾಳದ ಎಚ್ಚರಿಕೆ, ಕನ್ನಡದ ಮನೆ

ಇಲ್ಲಿಯೇ ಗಡಿನಾಡಿನ ನಮ್ಮ ಸಮಸ್ಯೆ ಬರುವುದು. ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಎಚ್ಚರಿಕೆ ನಮ್ಮ ಫೋನಿಗೆ ತಲುಪುವುದು ಹೆಚ್ಚಾಗಿ ಮಲೆಯಾಳದಲ್ಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ಮಲೆಯಾಳ ಕೇಳಿದರೆ ಅರ್ಥವಾಗುತ್ತದೆ, ಮಾತನಾಡಲಿಕ್ಕೂ ಬರುತ್ತದೆ, ಓದಲು ಬರುವುದಿಲ್ಲ. ಅಜ್ಜ ಅಜ್ಜಿಯರ ಕಾಲದ ಮಾತು ಬಿಡಿ, ಕನ್ನಡ ಮಾಧ್ಯಮದಲ್ಲಿ ಕಲಿತ ಈಗಿನವರ ಪೈಕಿಯೂ ಇಂಥವರು ಇದ್ದಾರೆ. ಇನ್ನು ಪುತ್ತೂರು, ಸುಳ್ಯದಿಂದ ರಜೆಗೆ ಬಂದ ನೆಂಟರಿಗಂತೂ ಕೇಳಿದರೂ ಅರ್ಥವಾಗದು.

ಎಚ್ಚರಿಕೆಯಲ್ಲಿ ಪದೇ ಪದೇ ಬರುವ ಕೆಲವು ಮಾತುಗಳನ್ನು ತಿಳಿದಿಟ್ಟುಕೊಂಡರೆ ಉಪಕಾರವಾದೀತು. 'ಉಯರ್ನ್ನ ತಿರಮಾಲ' ಎಂದರೆ ಎತ್ತರದ ತೆರೆ. 'ಕಡಲಾಕ್ರಮಣಂ' ಎಂದರೆ ಕಡಲು ದಡಕ್ಕೆ ನುಗ್ಗುವುದು. 'ಜಾಗ್ರತಾ ನಿರ್ದೇಶಂ' ಎಚ್ಚರಿಕೆಯ ಸೂಚನೆ. 'ಮಾರಿ ತಾಮಸಿಕ್ಕಣಂ' ಎಂದರೆ ಅಲ್ಲಿಂದ ಬೇರೆ ಕಡೆಗೆ ಹೋಗಿ ಉಳಿಯಬೇಕು. 'ಒಳಿವಾಕ್ಕುಕ' ಎಂದರೆ ಮಾಡಬೇಡಿ, ಬಿಟ್ಟುಬಿಡಿ.

ಎರಡು ಪದಗಳಲ್ಲಿ ಕನ್ನಡದವರು ಎಡವುವ ಸಂಭವ ಉಂಟು. 'ಮುದಲ್' ಎಂದರೆ 'ಮೊದಲು' ಅಲ್ಲ, 'ಇಂದ' ಎಂದು ಅರ್ಥ. 'ಇನ್ನ್' ಎಂದರೆ 'ಇನ್ನು' ಅಲ್ಲ, 'ಇಂದು'. ನಮ್ಮ ಜಿಲ್ಲೆಯ ಎಚ್ಚರಿಕೆಯಲ್ಲಿ 'ಕುಂಜತ್ತೂರ್ ಮುದಲ್ ಕೋಟ್ಟಕ್ಕುನ್ನ್ ವರೆ' ಎಂದು ಬರುತ್ತದೆ. ಅಂದರೆ ಕುಂಜತ್ತೂರಿನಿಂದ ಕೋಟ್ಟಕ್ಕುನ್ನಿನವರೆಗೆ. ಕಾಸರಗೋಡಿನ ಕಿನಾರೆಗೆ ಅವರು ಹಾಕಿಕೊಂಡ ಗೆರೆ ಅದು. ಈ ಎರಡು ಊರಿನ ಹೆಸರು ಕಂಡರೆ ಅದು ನಮಗೇ ಸೇರಿದ್ದು ಎಂದು ತಿಳಿಯಿರಿ.

ಕುಂಜತ್ತೂರಿನಿಂದ ಆಚೆ ತಲಪಾಡಿ ದಾಟಿದರೆ ಉಳ್ಳಾಲ, ಸೋಮೇಶ್ವರ. ಅಲ್ಲಿಗೆ ಕರ್ನಾಟಕದ ಪಟ್ಟಿಯಲ್ಲಿ ಬೇರೆಯೇ ಸೂಚನೆ. ಕಡಲಿಗೆ ತಲಪಾಡಿಯ ಚೆಕ್‌ಪೋಸ್ಟ್ ಇಲ್ಲ. ಕುಂಜತ್ತೂರಿಗೆ ಕಳ್ಳಕ್ಕಡಲ್ ಎಂದಿದ್ದರೆ ಸೋಮೇಶ್ವರಕ್ಕೆ ಹೋದವರೂ ಎಚ್ಚರದಲ್ಲಿರಬೇಕು. ತೆಂಕಣದಿಂದ ಬರುವ ತೆರೆಯಾದ್ದರಿಂದ ತಿರುವನಂತಪುರ, ಕೊಲ್ಲಂ ಕಡೆಗೆ ಮೊದಲು ತಾಗಿ, ಕೆಲವು ಗಂಟೆಗಳ ಬಳಿಕ ನಮ್ಮ ಕಡೆಗೆ ತಲುಪುವುದು ಸಾಮಾನ್ಯ. ಬೆಳಗಿನ ವಾರ್ತೆಯಲ್ಲಿ ಅಲ್ಲಿ ಕಡಲು ನುಗ್ಗಿದ ಸುದ್ದಿ ಕೇಳಿದರೆ ಸಂಜೆಯ ಬೀಚ್ ಪ್ರವಾಸವನ್ನು ಇನ್ನೊಂದು ದಿನಕ್ಕೆ ಹಾಕಿದರೆ ನಷ್ಟವೇನೂ ಇಲ್ಲ.

ಶಾಂತವಾಗಿ ಕಾಣುವ ಜಾಗವೇ ಸೆಳೆತದ ಜಾಗ

ಕಳ್ಳಕ್ಕಡಲ್ ಎಚ್ಚರಿಕೆ ಇಲ್ಲದ ದಿನವೂ ಪೂರ್ತಿ ಸುರಕ್ಷಿತ ಎನ್ನಲಾಗದು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲುಪಾಲಾದರು. ಡಿಸೆಂಬರ್ ಎಂದರೆ ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದು ಕಡಲು ತಣ್ಣಗಾದ ಕಾಲ.

ದಡಕ್ಕೆ ಬಂದ ನೀರು ವಾಪಸು ಹೋಗಲೇಬೇಕು. ಅದು ಹೊಯಿಗೆಯ ದಿಬ್ಬಗಳ ನಡುವೆ ಒಂದು ಇಕ್ಕಟ್ಟಿನ ದಾರಿ ಮಾಡಿಕೊಂಡು ರಭಸದಿಂದ ಹೊರಗೆ ಹರಿಯುತ್ತದೆ. ಇದೇ ಸೆಳೆತ. ಆ ದಾರಿಯಲ್ಲಿ ಆಳ ಜಾಸ್ತಿ ಇರುವುದರಿಂದ ತೆರೆ ಒಡೆಯುವುದು ಕಡಿಮೆ. ಎಡಕ್ಕೂ ಬಲಕ್ಕೂ ಬಿಳಿ ನೊರೆ, ನಡುವೆ ಮಾತ್ರ ಕಪ್ಪಗೆ, ಶಾಂತವಾಗಿ ಕಾಣುವ ಜಾಗ ಇದ್ದರೆ ಅಲ್ಲಿ ಸೆಳೆತ ಇರುವ ಸಾಧ್ಯತೆ ಹೆಚ್ಚು. ಮಕ್ಕಳನ್ನು ಇಳಿಸಲು ನಾವು ಆರಿಸುವುದೂ ಅದೇ ಜಾಗವನ್ನು! ಕುಂಬಳೆ, ಮೊಗ್ರಾಲ್, ಚಂದ್ರಗಿರಿಯ ಅಳಿವೆ ಬಾಗಿಲುಗಳಲ್ಲಿ ಇಳಿತದ ಹೊತ್ತಿಗೆ ಹೊಳೆಯ ನೀರೂ ಸೇರಿ ಸೆಳೆತ ಇನ್ನೂ ಜೋರು.

ದೂರದ ತೆರೆಗಳು ಸಾಲು ಸಾಲಾಗಿ ಬರುತ್ತವೆ. ಒಂದು ಸಾಲು ಬಂದು ಹೋದ ಮೇಲೆ ಕೆಲವು ನಿಮಿಷ ಕಡಲು ಸುಮ್ಮನಿರುತ್ತದೆ. ಆ ಸುಮ್ಮನಿರುವ ಹೊತ್ತಿಗೆ ಬಂದವರು "ಕಡಲು ತಣ್ಣಗುಂಟು" ಎಂದು ಇಳಿಯುತ್ತಾರೆ, ಸೊಂಟದ ಮಟ್ಟಕ್ಕೆ ಹೋಗುವಾಗ ಮುಂದಿನ ಸಾಲು ಬರುತ್ತದೆ. ಮುನ್ಸೂಚನೆಯಲ್ಲಿ ಕೊಡುವ ತೆರೆಯ ಎತ್ತರವೂ ದೊಡ್ಡ ತೆರೆಗಳ ಸರಾಸರಿ ಮಾತ್ರ. ನಡುವೆ ಒಮ್ಮೊಮ್ಮೆ ಅದರ ಎರಡು ಪಟ್ಟಿನಷ್ಟು ಎತ್ತರದ್ದೂ ಬರಬಹುದು.

ನಾವೇನು ಮಾಡಬಹುದು?

ಬೀಚಿಗೆ ಹೋದ ಕೂಡಲೇ ನೀರಿಗೆ ಓಡಬೇಡಿ. ಒಂದು ಕಾಲು ಗಂಟೆ ಕುಳಿತು ಕಡಲು ನೋಡಿ. ಹೊಯಿಗೆ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಗಮನಿಸಿ. ಕಳ್ಳಕ್ಕಡಲ್ ಎಚ್ಚರಿಕೆ ಇದ್ದ ದಿನ ಬೀಚ್ ಪ್ರವಾಸವನ್ನೇ ಬಿಡಬೇಕೆಂದು ಪ್ರಾಧಿಕಾರ ಹೇಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು, ಅದೇ ಹೊತ್ತಿಗೆ ಈ ತೆರೆಯೂ ಸೇರಿದರೆ ನೀರು ಇನ್ನಷ್ಟು ಮೇಲೆ ಬರುತ್ತದೆ. ಪಂಚಾಂಗ ಎಲ್ಲರ ಮನೆಯಲ್ಲೂ ಇದೆ, ಒಮ್ಮೆ ನೋಡಿ ಹೊರಟರೆ ಆಯಿತು.

ಸೆಳೆತಕ್ಕೆ ಸಿಕ್ಕಿದವರು ದಡದತ್ತ ನೇರ ಈಜಲು ಹೋಗಿಯೇ ಸೋಲುತ್ತಾರೆ. ಗಾಬರಿಯಾಗದೆ ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ದಡದಲ್ಲಿದ್ದವರು ಹಿಂದೆ ಮುಂದೆ ನೋಡದೆ ಹಾರಿದರೆ ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಹಗ್ಗವೋ, ಮುಚ್ಚಿದ ಖಾಲಿ ಕ್ಯಾನೋ ಎಸೆಯಿರಿ, 112ಕ್ಕೆ ಕರೆ ಮಾಡಿ. ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554.

ಮೀನುಗಾರರಿಗೆ ಈ ಕಾಲದ ನಷ್ಟ ಬೇರೆ ರೀತಿಯದು. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಆರಂಭವಾಗುವುದು ಜೂನ್ ಎರಡನೇ ವಾರದಲ್ಲಿ. ಎಪ್ರಿಲ್, ಮೇಯಲ್ಲಿ ದೋಣಿ, ಬಲೆ, ಎಂಜಿನ್ ಎಲ್ಲ ದಡದಲ್ಲೇ ಇರುತ್ತವೆ. ಎಚ್ಚರಿಕೆ ಬಂದರೆ ದೋಣಿಗಳನ್ನು ಒಂದಕ್ಕೊಂದು ತಾಗದ ಹಾಗೆ ಅಂತರ ಬಿಟ್ಟು ಕಟ್ಟಬೇಕು, ಎಂಜಿನ್ ಮತ್ತು ಬಲೆ ಮೇಲಕ್ಕೆ ಸಾಗಿಸಬೇಕು. ಆ ಹೊತ್ತಿನಲ್ಲಿ ದೋಣಿ ಇಳಿಸುವುದು ಎಷ್ಟು ಅಪಾಯವೋ, ಹೊರಗಿದ್ದ ದೋಣಿಯನ್ನು ದಡಕ್ಕೆ ತರುವುದೂ ಅಷ್ಟೇ ಅಪಾಯ.

ಆಡಳಿತ ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಕಡಲ್ಕೊರೆತಕ್ಕೆ ಕಲ್ಲಿನ ತಡೆಗೋಡೆ ಕಟ್ಟಲು ಕೋಟಿಗಳು ಬೇಕು. ಕಣ್ವತೀರ್ಥದಲ್ಲಿ, ಕುಂಬಳೆಯಲ್ಲಿ, ಬೇಕಲದಲ್ಲಿ ಮಲೆಯಾಳದ ಜೊತೆ ಕನ್ನಡದಲ್ಲೂ ಒಂದು ಫಲಕ ಹಾಕಲು, ಎಚ್ಚರಿಕೆ ಬಂದ ದಿನ ಅಲ್ಲೊಂದು ಕೆಂಪು ಬಾವುಟ ಏರಿಸಲು, ಪಂಚಾಯತಿನವರು ಅದೇ ಸಂದೇಶವನ್ನು ಕನ್ನಡದಲ್ಲಿ ಬರೆದು ಕಳುಹಿಸಲು ಕೋಟಿ ಬೇಡ. ಶಾಲೆಗಳಲ್ಲಿ ರಜೆಗೆ ಮುಂಚಿನ ಕೊನೆಯ ದಿನ ಮಕ್ಕಳಿಗೆ ಸೆಳೆತದ ಚಿತ್ರ ಬಿಡಿಸಿ ತೋರಿಸಲು ಅರ್ಧ ಗಂಟೆ ಸಾಕು.

ಅದು ಆಗುವವರೆಗೆ ಮಲೆಯಾಳ ಓದಲು ಬರುವವರು ಅಕ್ಕಪಕ್ಕದ ಮನೆಯವರಿಗೆ ಓದಿ ಹೇಳಲಿ. ಫೋನಿಗೆ ಬಂದ ಸಂದೇಶವನ್ನು ಹಾಗೆಯೇ ಮುಂದಕ್ಕೆ ಕಳುಹಿಸುವ ಬದಲು ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆದು ಕಳುಹಿಸಲಿ. ಐದಾರು ದಿನ ದಾರಿಯಲ್ಲಿದ್ದು ಬರುವ ತೆರೆಯ ಸುದ್ದಿ, ಅದು ಬಂದ ಮೇಲೆ ನಮಗೆ ಗೊತ್ತಾಗುವಂತೆ ಆಗಬಾರದು.