ಕಾರಣವಿಲ್ಲದೆ ಕಪ್ಪು ತುಂಬಬೇಡಿ

ಹತ್ತು ಮನೆಗಳ ಒಂದು ಅಡ್ಡಸಾಲು. ಎಡಗಡೆ ಬರೆದಿರುವುದು 7 ಎಂಬ ಒಂದೇ ಅಂಕಿ. ಒಂದಕ್ಕೊಂದು ಅಂಟಿಕೊಂಡ ಏಳು ಮನೆಗಳನ್ನು ಕಪ್ಪು ಮಾಡಬೇಕು ಎಂದು ಅದರರ್ಥ. ಎಲ್ಲಿಂದ ಶುರು ಮಾಡಬೇಕೆಂದು ಅಂಕಿ ಹೇಳುವುದಿಲ್ಲ. ಹೊಸಬರು ಇಲ್ಲಿ ಕೈಚೆಲ್ಲುತ್ತಾರೆ, ಇಲ್ಲವೇ ಎಡತುದಿಯಿಂದ ತುಂಬುತ್ತಾ ಹೊರಡುತ್ತಾರೆ. ಆದರೆ ಆ ಏಳರ ತುಂಡನ್ನು ಪೂರ್ತಿ ಎಡಕ್ಕೆ ತಳ್ಳಿ ನೋಡಿದರೆ ಅದು 1ರಿಂದ 7ನೇ ಮನೆಯವರೆಗೆ ಕೂರುತ್ತದೆ. ಪೂರ್ತಿ ಬಲಕ್ಕೆ ತಳ್ಳಿದರೆ 4ರಿಂದ 10ರವರೆಗೆ. ಎಲ್ಲಿ ಕೂತರೂ ನಡುವಿನ 4, 5, 6, 7ನೇ ಮನೆಗಳು ಕಪ್ಪೇ. ತುಂಡಿನ ಜಾಗ ಗೊತ್ತಾಗುವ ಮೊದಲೇ ನಾಲ್ಕು ಮನೆಗಳು ಖಚಿತವಾದವು.

ಅಡ್ಡಸಾಲು, ಕಂಬಸಾಲುಗಳ ಅಂಚಿನ ಅಂಕಿಗಳನ್ನು ಹಿಡಿದು ಚಿತ್ರ ಬಿಡಿಸುವ ಈ ಒಗಟು ಹುಟ್ಟಿದ್ದು ಜಪಾನಿನಲ್ಲಿ. ಗಗನಚುಂಬಿ ಕಟ್ಟಡಗಳ ಕಿಟಕಿ ದೀಪಗಳನ್ನು ಹೊತ್ತಿಸಿ, ಆರಿಸಿ ಚಿತ್ರ ಮೂಡಿಸುವ ಕಲ್ಪನೆಗೆ ನೋನ್ ಇಶಿದಾ ಎಂಬಾಕೆ 1987ರಲ್ಲಿ ಟೋಕಿಯೋದ ಸ್ಪರ್ಧೆಯೊಂದರಲ್ಲಿ ಗೆದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ತೆತ್ಸುಯಾ ನಿಶಿಯೊ ಎಂಬ ಒಗಟುಗಾರ ತಮ್ಮಷ್ಟಕ್ಕೆ ತಾವೇ ಇದನ್ನು ರೂಪಿಸಿದ್ದರು. ಇಂಗ್ಲೆಂಡಿನ ಜೇಮ್ಸ್ ಡಾಲ್ಗೆಟಿ ಇಶಿದಾ ಅವರ ಹೆಸರಿನಿಂದಲೇ ಇದಕ್ಕೆ ‘ನೊನೊಗ್ರಾಮ್’ ಎಂದು ಹೆಸರಿಟ್ಟರು. 1990ರಿಂದ ‘ಸಂಡೇ ಟೆಲಿಗ್ರಾಫ್’ ಪತ್ರಿಕೆ ವಾರವಾರವೂ ಅಚ್ಚುಹಾಕಿತು. 1995ರಲ್ಲಿ ನಿಂಟೆಂಡೊ ಕಂಪನಿ ‘ಮಾರಿಯೋಸ್ ಪಿಕ್ರಾಸ್’ ಹೊರತಂದಾಗ ಒಗಟು ಪೆನ್ಸಿಲಿನಿಂದ ಗೇಮ್ ಬಾಯ್‌ನ ಗುಂಡಿಗಳಿಗೆ ದಾಟಿತು.

ಹಾಗೆ ದಾಟುವಾಗ ಕಲಿಕೆಯ ರೀತಿಯೂ ಬದಲಾಯಿತು. ‘ಮಾರಿಯೋಸ್ ಪಿಕ್ರಾಸ್’ನಲ್ಲಿ ಕಪ್ಪಾಗಬಾರದ ಮನೆಯನ್ನು ತುಂಬಿದರೆ ಆಟ ಒಡನೆಯೇ ತಪ್ಪೆಂದು ತೋರಿಸಿ ಆಟಗಾರನ ಸಮಯದಲ್ಲಿ ಕೆಲವು ನಿಮಿಷ ಕಡಿದುಹಾಕುತ್ತದೆ. ಇಂದಿನ ಅನೇಕ ಮೊಬೈಲ್ ಆ್ಯಪ್‌ಗಳೂ ಇದೇ ದಾರಿ ಹಿಡಿದಿವೆ: ತಪ್ಪಿದರೆ ಕೆಂಪು ಗುರುತು, ಒಂದು ‘ಲೈಫ್’ ನಷ್ಟ. ಕಾಗದದ ಮೇಲೆ ಹಾಗಲ್ಲ. ಮೂರನೇ ಸಾಲಿನಲ್ಲಿ ಮಾಡಿದ ತಪ್ಪು ಅರ್ಧ ಗಂಟೆಯ ನಂತರ ಎಲ್ಲೋ ಹನ್ನೆರಡನೇ ಕಂಬಸಾಲಿನಲ್ಲಿ ಲೆಕ್ಕ ಕೂಡದೆ ನಿಂತಾಗ ಹೊರಬೀಳುತ್ತದೆ. ಕಲಿಯುವವರಿಗೆ ಯಾವುದು ಒಳ್ಳೆಯದು? ತಪ್ಪನ್ನು ಆಗಲೇ ತೋರಿಸುವುದೇ ಒಳ್ಳೆಯ ಶಿಕ್ಷಣ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಈ ಒಗಟಿನ ಮಟ್ಟಿಗೆ ಅದು ಸರಿಯಲ್ಲ.

ಏಕೆಂದರೆ ಯಂತ್ರ ನೋಡುವುದು ಉತ್ತರವನ್ನು ಮಾತ್ರ. ಮೇಲಿನ ಏಳರ ಸಾಲಿನಲ್ಲಿ ಯಾವ ಆಧಾರವೂ ಇಲ್ಲದೆ ಮೂರನೇ ಮನೆಯನ್ನು ಕಪ್ಪು ಮಾಡಿದರು ಎನ್ನೋಣ. ಅದೃಷ್ಟಕ್ಕೆ ಅದು ಕಪ್ಪೇ ಆಗಿದ್ದರೆ ಆಟ ಸುಮ್ಮನಿರುತ್ತದೆ. ಆ ಮೌನವನ್ನು ಕಲಿಯುವವರು ಒಪ್ಪಿಗೆಯೆಂದೇ ತಿಳಿಯುತ್ತಾರೆ. ಕುರುಡು ಊಹೆಗೂ ಸರಿಯಾದ ತರ್ಕಕ್ಕೂ ಒಂದೇ ಅಂಕ ಸಿಕ್ಕರೆ ತರ್ಕದ ಶ್ರಮವನ್ನು ಯಾರು ಪಡುತ್ತಾರೆ? ತಪ್ಪಿದಾಗಲೂ ಲಾಭ ಊಹೆಗೇ. ಒಂದು ‘ಲೈಫ್’ ಕೊಟ್ಟು ಆ ಮನೆ ಖಾಲಿ ಎಂಬ ಸುಳಿವನ್ನು ಕೊಂಡುಕೊಂಡಂತಾಯಿತು.

ಕಾಗದ ಕಲಿಸುವ ಇನ್ನೊಂದು ಸಂಗತಿ ಖಾಲಿ ಮನೆಗಳ ಬೆಲೆ. ಹತ್ತು ಮನೆಗಳ ಸಾಲಿನಲ್ಲಿ ಅಂಕಿ 3 ಇದೆ, ಕಂಬಸಾಲಿನ ಲೆಕ್ಕದಿಂದ ಎರಡನೇ ಮನೆ ಕಪ್ಪೆಂದು ಗೊತ್ತಾಗಿದೆ. ಆಗ ಮೂರರ ತುಂಡು 1–3ರಲ್ಲಿ ಇರಬೇಕು, ಇಲ್ಲವೇ 2–4ರಲ್ಲಿ. ಹಾಗಾಗಿ ಮೂರನೇ ಮನೆ ಕಪ್ಪು. ಅಷ್ಟಕ್ಕೇ ತೃಪ್ತರಾಗಿ ಮುಂದೆ ಹೋಗುವವರು ಬಿಟ್ಟುಬಿಡುವುದು ಏನನ್ನು? ಐದರಿಂದ ಹತ್ತರವರೆಗಿನ ಆರು ಮನೆಗಳು ಖಾಲಿ ಎಂಬ ಖಚಿತ ಜ್ಞಾನವನ್ನು. ಆ ಆರಕ್ಕೂ ಕಾಟು ಹಾಕಿದರೆ ಆರು ಕಂಬಸಾಲುಗಳು ಒಂದೊಂದು ಮನೆ ಕಿರಿದಾಗುತ್ತವೆ. ಕಷ್ಟದ ಒಗಟುಗಳು ಬಿಚ್ಚಿಕೊಳ್ಳುವುದು ಬಹುಪಾಲು ಈ ಕಾಟುಗಳಿಂದಲೇ. ಇಲ್ಲವೆಂದು ಗೊತ್ತಿರುವುದೂ ಇನ್ನೂ ಗೊತ್ತಿಲ್ಲದಿರುವುದೂ ಕಾಗದದ ಮೇಲೆ ಬೇರೆಬೇರೆಯಾಗಿ ಕಾಣಬೇಕು. ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಚಿತ್ರವೂ ದಾರಿ ತಪ್ಪಿಸುತ್ತದೆ. ಅರ್ಧ ತುಂಬುವ ಹೊತ್ತಿಗೆ ಬೆಕ್ಕಿನ ಒಂದು ಕಿವಿ ಕಂಡರೆ ಇನ್ನೊಂದು ಕಿವಿಯನ್ನು ತುಂಬಲು ಕೈ ತಾನಾಗಿ ಹೋಗುತ್ತದೆ. ಚಿತ್ರ ಬರೆದವರು ಬೆಕ್ಕಿನ ತಲೆಯನ್ನು ಓರೆ ಮಾಡಿದ್ದರೆ ಅಲ್ಲಿಗೆ ಎಲ್ಲ ಕೆಟ್ಟಿತು. ಪದಬಂಧದಲ್ಲಿ ಅರ್ಧ ಕಂಡ ಪದವನ್ನು ಊಹಿಸುವುದು ಜಾಣತನ, ಅಲ್ಲಿ ಭಾಷೆಯ ಆಸರೆ ಇದೆ. ಇಲ್ಲಿ ಅಂಕಿಗಳ ಹೊರತು ಬೇರೆ ಸಾಕ್ಷಿ ಇಲ್ಲ.

ಹಾಗಾದರೆ ಪಳಗಿದವರೂ ಒಮ್ಮೊಮ್ಮೆ ‘ಈ ಮನೆ ಕಪ್ಪಾಗಿದ್ದರೆ?’ ಎಂದು ಹಿಡಿದು ನೋಡುವುದಿಲ್ಲವೇ ಎಂದು ಕೇಳಬಹುದು. ನೋಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅದರ ದಿಕ್ಕು ಬೇರೆ. ಅವರು ಆ ಎಳೆಯನ್ನು ಹಿಡಿದು ಎಲ್ಲಾದರೂ ಅಂಕಿ ಮುರಿಯುವವರೆಗೆ ಹೋಗುತ್ತಾರೆ. ಮುರಿದರೆ ಆ ಮನೆ ಖಾಲಿಯೇ ಎಂಬುದು ಸಿದ್ಧವಾಯಿತು. ಮುರಿಯದಿದ್ದರೆ ಏನೂ ಸಿದ್ಧವಾಗಲಿಲ್ಲ ಎಂದು ಒಪ್ಪಿ ಹಿಂದಿರುಗುತ್ತಾರೆ. ಶಾಲೆಯ ರೇಖಾಗಣಿತದಲ್ಲಿ ಬರುವ ವಿರೋಧಾಭಾಸದ ಸಾಧನೆ ಇದೇ. ಬರಿಯ ಊಹೆಗೆ ಈ ಎಚ್ಚರವಿಲ್ಲ. ಎರಡಕ್ಕೆ ಎರಡರ ಪುಟ್ಟ ಚೌಕದಲ್ಲಿ ಎಲ್ಲ ಅಂಕಿಗಳೂ 1 ಆಗಿದ್ದರೆ ಎರಡು ಕರ್ಣಗಳೂ ಉತ್ತರಗಳೇ. ಊಹಿಸಿದವರಿಗೆ ಒಂದು ಸಿಗುತ್ತದೆ, ಇನ್ನೊಂದು ಇದೆಯೆಂಬುದೇ ತಿಳಿಯುವುದಿಲ್ಲ.

ತರ್ಕಕ್ಕೂ ಮಿತಿಯಿದೆ. ಎಷ್ಟು ದೊಡ್ಡ ನೊನೊಗ್ರಾಮ್ ಕೊಟ್ಟರೂ ಬೇಗ ಬಿಡಿಸುವ ಸಾರ್ವತ್ರಿಕ ವಿಧಾನ ಇದುವರೆಗೆ ಸಿಕ್ಕಿಲ್ಲ. 1996ರಲ್ಲಿ ಜಪಾನಿನ ಉಯೆದಾ ಮತ್ತು ನಾಗಾವೊ ಇದು ಗಣಕಶಾಸ್ತ್ರದ ಎನ್‌ಪಿ-ಕಂಪ್ಲೀಟ್ ಎಂಬ ಕಠಿಣ ವರ್ಗಕ್ಕೆ ಸೇರಿದ್ದೆಂದು ತೋರಿಸಿದರು. ಬಿಡಿಸಿದ ಚಿತ್ರ ಸರಿಯೇ ಎಂದು ತಾಳೆ ನೋಡುವುದು ಮಾತ್ರ ಮಗುವಿಗೂ ಸುಲಭ.

ಇಂಥ ಒಗಟು ಬಿಡಿಸಿದರೆ ಮೆದುಳು ಚುರುಕಾಗುತ್ತದೆ, ಮರೆವು ಹತ್ತಿರ ಸುಳಿಯುವುದಿಲ್ಲ ಎಂದು ಮಾರುವವರನ್ನು ನಂಬಬೇಕಿಲ್ಲ. ಮೆದುಳಿನ ಆಟಗಳ ಬಗ್ಗೆ ಆಧಾರ ಸಾಲದ ಜಾಹೀರಾತು ಕೊಟ್ಟ ಆರೋಪಕ್ಕೆ ಲುಮೋಸಿಟಿ ಆ್ಯಪಿನ ಕಂಪನಿ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಂಡಿತು. ಒಂದು ಮಾತಿಗೆ ಆಧಾರ ಕೇಳುವ ಅಭ್ಯಾಸವನ್ನು ಆಟದ ಜೊತೆಗೇ ಹಚ್ಚಿಸಬಹುದು ಎಂಬುದಷ್ಟೇ ನೊನೊಗ್ರಾಮಿನ ಪರವಾಗಿ ಹೇಳಬಹುದಾದ ಮಾತು. ಅದೇನೂ ಕಡಿಮೆಯಲ್ಲ.

ಭಾಷೆಯ ಹಂಗಿಲ್ಲದ ಈ ಒಗಟನ್ನು ಬಿಡಿಸಲು ಕನ್ನಡ ಶಾಲೆಯ ಮಗುವಿಗೆ ಅನುವಾದವೂ ಬೇಡ, ಫೋನೂ ಬೇಡ. ಗಣಿತದ ಮೇಷ್ಟ್ರು, ಟೀಚರುಗಳು ಒಂದು ಗ್ರಾಫ್ ಹಾಳೆ ಕೊಟ್ಟು, ಹತ್ತಕ್ಕೆ ಹತ್ತರ ಚೌಕದಲ್ಲಿ ಚಿತ್ರ ಬರೆಸಿ, ಅಂಕಿಗಳನ್ನು ಎಣಿಸಿ ಪಕ್ಕದವರಿಗೆ ಕೊಡಿಸಲಿ. ತುಂಬಿದ ಪ್ರತಿ ಮನೆಗೂ ‘ಏಕೆ?’ ಎಂದು ಕೇಳಲಿ. ಫೋನಿನಲ್ಲೇ ಆಡುವವರು ಸೆಟ್ಟಿಂಗ್ಸ್‌ನಲ್ಲಿ ಅವಕಾಶವಿದ್ದರೆ ತಪ್ಪು ತೋರಿಸುವ ಗುಂಡಿಯನ್ನು ಇಂದೇ ಆಫ್ ಮಾಡಿಡಲಿ.