ತೋಟದ ಕಾವಲಿಗೆ ಯಾವ ಕೋವಿ?

ಜಿಲ್ಲೆಯ ಮೂಡಣ ಭಾಗದ ಅಡಿಕೆ ಕೃಷಿಕರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ವಯಸ್ಸು ಅರುವತ್ತು ದಾಟಿದೆ. ನಸುಕಿಗೆ ಪಂಪು ಹಾಕಲು ಗುಡ್ಡದ ಬದಿಯ ಕಾಲುದಾರಿಯಲ್ಲಿ ನಡೆದು ಹೋಗಬೇಕು. ಈ ವರ್ಷ ಎರಡು ಸಲ ಕಾಡುಹಂದಿ ಎದುರಾಯಿತು. ಒಮ್ಮೆ ಸಂಕದ ಮೇಲಿನಿಂದ ತೋಡಿಗೆ ಹಾರಿ ಬಚಾವಾದರಂತೆ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಸೋದರಳಿಯ ರಜೆಯಲ್ಲಿ ಬಂದವನು, ಅಲ್ಲಿ ಬೆಟ್ಟ ಸುತ್ತುವವರು ಸೊಂಟದಲ್ಲಿ ಸಣ್ಣದೊಂದು ರಿವಾಲ್ವರು ಕಟ್ಟಿಕೊಂಡು ಹೋಗುತ್ತಾರೆ, ಮೊಲ ಅಳಿಲುಗಳ ಬೇಟೆಗೂ ಅದೇ ಸಾಕಾಗುತ್ತದೆ ಎಂದು ಹೇಳಿದನಂತೆ. "ಅಂಥದೊಂದು ನನಗೆ ಸಿಗಲಾರದೆ? ಯಾವುದನ್ನು ಕೇಳಬೇಕು?" ಎಂಬುದು ಅವರ ಪ್ರಶ್ನೆ. ಕೊನೆಗೆ ಒಂದು ಸಾಲು ಹೆಚ್ಚಿಗೆ ಬರೆದಿದ್ದಾರೆ: ಅರ್ಜಿಯ ವಿಷಯ ವಿಚಾರಿಸಲು ಹೋದಾಗ ಕೈಗೆ ಕೊಟ್ಟ ಹಾಳೆ ಮಲಯಾಳದಲ್ಲಿತ್ತು, ಆ ಭಾಷೆಯಲ್ಲಿ ಮಾತನಾಡಲು ಬರುತ್ತದೆ, ಓದಲು ಬಾರದು.

ಈ ಕಾಗದವನ್ನು ಓದುಗರ ಅಂಕಣಕ್ಕೆ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಹಲವರು ನಮ್ಮಲ್ಲಿ ಕೇಳಿರುವುದರಿಂದ ಇಲ್ಲಿಯೇ ಉತ್ತರಿಸುವುದು ಯೋಗ್ಯವೆಂದು ತೋರಿದೆ.

ಮೊದಲಿಗೆ ಸೋದರಳಿಯ ಹೇಳಿದ ವಸ್ತುವಿನ ವಿಚಾರ. ಅವನು ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಪಾಯಿಂಟ್ 22 ಬೋರಿನ, ಒಂದೊಂದು ಈಡಿಗೂ ಹಿಂಬದಿಯ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕಾದ ರಿವಾಲ್ವರಿಗೆ ಹಳೆಯ ಮರ್ಯಾದೆಯಿದೆ. 'ಸಿಂಗಲ್ ಆ್ಯಕ್ಷನ್' ಎಂದು ಅದನ್ನು ಕರೆಯುತ್ತಾರೆ. 1873ರಲ್ಲಿ ಕೋಲ್ಟ್ ಕಂಪೆನಿ ಅಲ್ಲಿನ ಸೈನ್ಯಕ್ಕೆ ಒದಗಿಸಿದ ರಿವಾಲ್ವರಿನ ಕ್ರಮವೇ ಇದು. 1953ರಲ್ಲಿ ರೂಗರ್ ಕಂಪೆನಿ ಅದನ್ನೇ ಸಣ್ಣ ಬೋರಿನಲ್ಲಿ 'ಸಿಂಗಲ್ ಸಿಕ್ಸ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಯಂತ್ರದ ಅವಯವಗಳು ಕಡಿಮೆ, ಕೆಡುವುದು ಅಪರೂಪ. ತೋಟೆಗಳನ್ನು ಪಕ್ಕದ ಸಣ್ಣ ಬಾಗಿಲಿನಿಂದ ಒಂದೊಂದಾಗಿ ತುಂಬಬೇಕು, ಖಾಲಿ ತೋಟೆಗಳನ್ನೂ ಒಂದೊಂದಾಗಿ ದೂಡಿ ತೆಗೆಯಬೇಕು. ನಿಧಾನವೇ ಅದರ ಗುಣ ಎನ್ನುವವರಿದ್ದಾರೆ. ಅವಸರಕ್ಕೆ ಗುಂಡು ಹಾರುವುದಿಲ್ಲ.

ಅಲ್ಲಿ ಅದನ್ನು ಆರಿಸುವವರು ನೋಡುವ ಅಂಶಗಳೂ ಇವೆ. ನಳಿಗೆ ನಾಲ್ಕೂವರೆ ಇಂಚಿನ ಆಸುಪಾಸಿನದಾದರೆ ನಡೆಯುವಾಗ ತೊಡೆಗೆ ತಾಗುವುದಿಲ್ಲ. ಆರೂವರೆ ಇಂಚಿನದಾದರೆ ಗುರಿ ಹಿಡಿಯುವುದು ಸುಲಭ. ಕೆಲವಕ್ಕೆ ಎರಡು ಉರುಳೆಗಳನ್ನು ಕೊಡುತ್ತಾರೆ. ಒಂದು ಸಾಮಾನ್ಯ 22ರ ತೋಟೆಗೆ, ಇನ್ನೊಂದು ಹೆಚ್ಚು ಬಲದ 22 ಮ್ಯಾಗ್ನಂ ತೋಟೆಗೆ. 1973ರ ಮೊದಲು ತಯಾರಾದ ರೂಗರ್ ರಿವಾಲ್ವರುಗಳಲ್ಲಿ ಸುತ್ತಿಗೆಯ ಕೆಳಗೆ ತೋಟೆಯಿದ್ದು ಅದು ಕೈತಪ್ಪಿ ಬಿದ್ದರೆ ಈಡು ಹಾರುವ ಅಪಾಯವಿತ್ತು; ಆದ್ದರಿಂದ ಬಲ್ಲವರು ಆರು ಮನೆಗಳಲ್ಲಿ ಐದನ್ನೇ ತುಂಬಿ, ಸುತ್ತಿಗೆಯ ಅಡಿಯದನ್ನು ಖಾಲಿ ಬಿಡುತ್ತಿದ್ದರು. 1973ರಿಂದ ಈ ದೋಷ ನಿವಾರಣೆಯಾಗುವಂತೆ ಒಳಗಿನ ರಚನೆಯನ್ನೇ ಬದಲಾಯಿಸಿದರು. ಹಳೆಯ ಮಾಲು ಕೊಳ್ಳುವವನು ಅಲ್ಲಿಯೂ ಇದನ್ನು ವಿಚಾರಿಸದೆ ಕೊಳ್ಳುವುದಿಲ್ಲ.

ಇದೆಲ್ಲವೂ ಅಲ್ಲಿಗೆ ಸರಿ. ಅಲ್ಲಿ ಮೊಲಕ್ಕೂ ಅಳಿಲಿಗೂ ಬೇಟೆಯ ಋತುವಿದೆ, ಬೇಟೆಯ ಲೈಸನ್ಸು ಇದೆ, ದಿನಕ್ಕೆ ಇಷ್ಟೇ ಎಂಬ ಲೆಕ್ಕವಿದೆ. ಇಪ್ಪತ್ತು ಗಜದ ಅಂತರದಲ್ಲಿ ನಿಂತ ಮೊಲಕ್ಕೆ ಗುರಿಯಿಡಲು ತಿಂಗಳುಗಟ್ಟಲೆ ಅಭ್ಯಾಸ ಮಾಡುವವರಿದ್ದಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೊಲವನ್ನಾಗಲಿ ಕಾಡುಕೋಳಿಯನ್ನಾಗಲಿ ಹೊಡೆಯುವುದೇ ಅಪರಾಧ. ಬೇಟೆಯ ಋತು ಎಂಬುದೇ ಇಲ್ಲ. ಆದುದರಿಂದ ಸೋದರಳಿಯನ ರಿವಾಲ್ವರಿನ ಅರ್ಧ ಉಪಯೋಗ ಗಡಿ ದಾಟಿದೊಡನೆ ಬಿದ್ದುಹೋಯಿತು.

ಉಳಿದದ್ದು ಹಂದಿ. ಪಾಯಿಂಟ್ 22ರ ಗುಂಡಿನ ತೂಕ ಸುಮಾರು ಎರಡೂವರೆ ಗ್ರಾಮು. ಒಂದು ಅಡಿಕೆಯ ತೂಕವೂ ಬಾರದು. ಬಲಿತ ಗಂಡು ಹಂದಿಯ ಹೆಗಲಿನ ದಪ್ಪ ಚರ್ಮ, ಮಾಂಸಗಳನ್ನು ದಾಟಿ ಅದನ್ನು ಕೆಡಹುವ ಕಸುವು ಅದಕ್ಕಿಲ್ಲ. ಗಾಯಗೊಂಡ ಹಂದಿ ಪೊದೆಯೊಳಗೆ ಕೂತಿದ್ದರೆ ಮರುದಿನ ಸೊಪ್ಪಿಗೆ ಹೋದ ಹೆಂಗಸರ ಗತಿಯೇನು? ಅದೂ ನಸುಕಿನ ಮಬ್ಬಿನಲ್ಲಿ, ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದು ಕೈಯಿಂದ ಸುತ್ತಿಗೆ ಎಳೆದು, ನುಗ್ಗಿ ಬರುವ ಪ್ರಾಣಿಗೆ ಗುರಿಯಿಡುವುದು ಸಿನೆಮಾದಲ್ಲಿ ಮಾತ್ರ ಸಾಧ್ಯ. ಗುರಿ ತಪ್ಪಿದ ಗುಂಡಾದರೋ ಒಂದೂವರೆ ಕಿಲೋಮೀಟರು ದೂರಕ್ಕೂ ಹೋಗಬಲ್ಲುದು. ನಮ್ಮ ಊರುಗಳಲ್ಲಿ ತೋಟದಾಚೆಗೆ ಮನೆ, ಮನೆಯಾಚೆಗೆ ತೋಟ. ಒಂದೂವರೆ ಕಿಲೋಮೀಟರಿನೊಳಗೆ ಎಷ್ಟು ಅಂಗಳಗಳಿವೆ ಎಂದು ಪ್ರತಿಯೊಬ್ಬರೂ ತಮ್ಮ ಮನೆಯ ಜಗಲಿಯಲ್ಲಿ ನಿಂತು ಎಣಿಸಿ ನೋಡಬಹುದು.

ಕಾನೂನು ಕೂಡ ಈ ವಿವೇಕವನ್ನೇ ಹೇಳುತ್ತದೆ. 1959ರ ಆಯುಧ ಕಾಯಿದೆಯ 13ನೆಯ ವಿಧಿಯಲ್ಲಿ ಬೆಳೆ ರಕ್ಷಣೆಗಾಗಿ ಕೇಳುವ ಪ್ರಾಮಾಣಿಕ ಕೃಷಿಕನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ನಮ್ಮ ಹಿರಿಯರ ಕೇಪಿನ ಬೆಡಿಗೆ, ಲೈಸನ್ಸು ಕೊಡತಕ್ಕದ್ದೆಂದು ಬರೆದಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದಲ್ಲಿ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ತೋಟೆಕೋವಿಗೆ ಕೊಡಬಹುದು. ಒಳಗೆ ತಿರುಪಿನ ಗೆರೆಗಳಿಲ್ಲದ, ನಯವಾದ ನಳಿಗೆಯ ಕೋವಿ ಅದು. ಒಂಟಿನಳಿಗೆಯೋ ಜೋಡುನಳಿಗೆಯೋ ನಿಮ್ಮ ಶಕ್ತಿಗೆ ಬಿಟ್ಟದ್ದು. ಪಾಯಿಂಟ್ 22ರ ರೈಫಲಿನ ಹೆಸರು ಅದೇ ವಿಧಿಯಲ್ಲಿ ಬರುತ್ತದೆ. ಆದರೆ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆ ಮಾತ್ರ. ರಿವಾಲ್ವರು ಈ ಪಟ್ಟಿಯಲ್ಲೇ ಇಲ್ಲ. ಅದನ್ನು ಕೇಳುವವನು ಬಲವಾದ ಕಾರಣ ಬೇರೆಯೇ ತೋರಿಸಬೇಕು. ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯ. ಹಂದಿಯ ಕಾಟವೆಂದು ಬರೆದು ರಿವಾಲ್ವರು ಕೇಳಿದರೆ ಅರ್ಜಿ ತಿರಸ್ಕೃತವಾಗುವುದಷ್ಟೇ ಅಲ್ಲ, ಮುಂದೆ ನಿಜವಾಗಿ ಬೇಕಾದ ಕೋವಿಯನ್ನು ಕೇಳುವಾಗಲೂ ಸಂಶಯದ ನೆರಳು ಬಿದ್ದೀತು.

ಕಾಗದ ಬರೆದ ಹಿರಿಯರಿಗೆ ನಮ್ಮ ಸಲಹೆ ತೋಟೆಕೋವಿ. ಹತ್ತಿರದ ಅಂತರದಲ್ಲಿ ದೊಡ್ಡ ಚರೆಯ ತೋಟೆ ಹಂದಿಗೆ ಸಾಕಾಗುತ್ತದೆ. ಸಣ್ಣ ಚರೆಯಾದರೆ ಕೆಲವು ನೂರು ಮೀಟರಿನೊಳಗೆ ಬಲ ಕುಂದುತ್ತದೆ, ಶಬ್ದಕ್ಕೆ ಹೆದರಿಸಲು ಸಾಕು. ಆದರೆ ಕಾಲುದಾರಿಯ ರಕ್ಷಣೆಗೆ ಅದೂ ಮದ್ದಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ನಸುಕಿನ ದಾರಿಗೆ ಒಳ್ಳೆಯ ಟಾರ್ಚು, ಜತೆಗೊಬ್ಬ ಆಳು, ಸಾಧ್ಯವಾದರೆ ಬೆಳಕು ಹರಿದ ಮೇಲೆ ಪಂಪು; ಇದಕ್ಕೆ ಬದಲಿ ನಮಗೆ ತಿಳಿದಿಲ್ಲ.

ಕೋವಿ ಕೈಗೆ ಬಂದರೂ ಕುದುರೆ ಎಳೆಯುವ ಹಕ್ಕು ಬಂತೆಂದಲ್ಲ. ಇದನ್ನು ನಮ್ಮ ಕೃಷಿಕ ಬಂಧುಗಳು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶ ನೀಡುವ ಅಧಿಕಾರವನ್ನು ಸ್ಥಳೀಯಾಡಳಿತದ ಅಧ್ಯಕ್ಷರಿಗೆ ಕೊಟ್ಟಿತು. ಬಳಿಕ ಅವಧಿಯನ್ನು ವಿಸ್ತರಿಸುತ್ತಲೂ ಬಂತು. ಪಂಚಾಯತಿನ ಆದೇಶವಿರಬೇಕು, ಹೊಡೆಯುವವನಿಗೆ ಲೈಸನ್ಸು ಇರಬೇಕು, ವಿಷ, ಸಿಡಿಮದ್ದು, ವಿದ್ಯುತ್ತು ಕೂಡದು, ಸತ್ತ ಹಂದಿಯನ್ನು ಕ್ರಮಪ್ರಕಾರ ವಿಲೇವಾರಿ ಮಾಡಬೇಕು. ಸಾರು ಮಾಡಿದರೆ ಕೃಷಿಕನೇ ಆರೋಪಿ. ಮಂಗನ ವಿಷಯದಲ್ಲಂತೂ ಈ ಸೌಲಭ್ಯವೂ ಇಲ್ಲ; 2022ರ ತಿದ್ದುಪಡಿಯಲ್ಲಿ ನಮ್ಮ ತೆಂಗಿನ ಬೊಂಡ ಕೀಳುವ ಮಂಗವನ್ನು ಮೊದಲನೆಯ ಪರಿಚ್ಛೇದಕ್ಕೇ ಸೇರಿಸಿಟ್ಟಿದ್ದಾರೆ, ಹುಲಿಯ ಪಂಕ್ತಿಯಲ್ಲಿ. ಕಡಿಮೆ ಬಲದ ಏರ್‌ಗನ್ನಿಗೆ ಲೈಸನ್ಸು ಬೇಡವೆಂಬುದು ನಿಜ. ಅದರಿಂದ ಮಂಗನಿಗೆ ಹೊಡೆದರೆ ಶಿಕ್ಷೆಯಿಲ್ಲವೆಂಬುದು ಸುಳ್ಳು. ತೋಟಗಾರನ ನಷ್ಟವನ್ನು ಕಣ್ಣಾರೆ ನೋಡುತ್ತಿರುವ ನಮಗೆ ಈ ಪಟ್ಟಿ ನ್ಯಾಯವೆಂದು ತೋರುವುದಿಲ್ಲ. ಆದರೂ ಕಾನೂನು ಬದಲಾಗುವ ತನಕ ಕಾನೂನೇ.

ಘಟ್ಟದಾಚೆಗೆ ಕೊಡಗಿನಲ್ಲಿ ಲೈಸನ್ಸೇ ಬೇಡವಲ್ಲ ಎಂದು ಪಾಣತ್ತೂರಿನ ಕಡೆಯವರು ಕೆಲವರು ಕೇಳುವುದುಂಟು. ಆ ವಿನಾಯಿತಿ ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರಕಾರ 2019ರಲ್ಲಿ ಅದನ್ನು ಹತ್ತು ವರ್ಷ ಮುಂದುವರಿಸಿದೆ. ನಮಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಮನೆಗಳಿಗೆ ತಿಳಿಯದು. ಅಜ್ಜನ ಹೆಸರಿನಲ್ಲಿದ್ದ ಕೋವಿ ಅಜ್ಜ ತೀರಿಕೊಂಡ ಮೇಲೆ ಠಾಣೆ ಸೇರಿ ತುಕ್ಕು ಹಿಡಿದ ಕತೆ ಊರೂರಿಗೂ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸನ್ಸುದಾರರಿಗೆ 70 ವರ್ಷ ತುಂಬಿದಾಗ, ಅಥವಾ ಕೋವಿ ಅವರ ಕೈಗೆ ಬಂದು 25 ವರ್ಷ ಕಳೆದಾಗ, ಬದುಕಿರುವಾಗಲೇ ವಾರಸುದಾರನೊಬ್ಬನ ಹೆಸರಿಗೆ ಲೈಸನ್ಸು ಕೇಳಬಹುದು. ಸತ್ತ ಮೇಲೂ ವಾರಸುದಾರರು ಅರ್ಜಿ ಹಾಕಬಹುದು. ಲೈಸನ್ಸಿನ ಅವಧಿಯನ್ನು 2019ರ ತಿದ್ದುಪಡಿಯಲ್ಲಿ ಮೂರರಿಂದ ಐದು ವರ್ಷಕ್ಕೆ ಏರಿಸಿದ್ದಾರೆ. ಐದು ವರ್ಷ ದೀರ್ಘವಾದುದರಿಂದಲೇ ನವೀಕರಣದ ದಿನ ಮರೆತುಹೋಗುವುದು ಹೆಚ್ಚು. ಕೃಷಿ ಪಂಚಾಂಗದ ಹಿಂಬದಿಯಲ್ಲಿ ಬರೆದಿಡಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂಬ ಕ್ರಮದ ಬಗ್ಗೆಯೂ ಕೃಷಿಕರಲ್ಲಿ ಅಸಮಾಧಾನವಿದೆ. ಹಂದಿಗಳಿಗೆ ಮಾದರಿ ನೀತಿಸಂಹಿತೆ ಅನ್ವಯಿಸುವುದಿಲ್ಲವಷ್ಟೆ.

ಈಗ ಕಾಗದದ ಕೊನೆಯ ಸಾಲಿಗೆ ಬರೋಣ. ನಮ್ಮ ದೃಷ್ಟಿಯಲ್ಲಿ ಅದೇ ಮುಖ್ಯವಾದುದು. ಕೋವಿ ಎಂಬುದು ಕಬ್ಬಿಣಕ್ಕಿಂತ ಹೆಚ್ಚಾಗಿ ಕಾಗದದಿಂದ ನಡೆಯುವ ವಸ್ತು. ಅರ್ಜಿಯಲ್ಲಿ ಯಾವ ಕೋವಿ, ಯಾವ ಉದ್ದೇಶ ಎಂದು ತಪ್ಪಾಗಿ ಬರೆದರೆ ವರ್ಷವೇ ಹಾಳು. ಪಂಚಾಯತಿನ ಆದೇಶದ ಷರತ್ತನ್ನು ಓದಲಾಗದೆ ಮೀರಿದರೆ ಕೋರ್ಟು. 2016ರ ನಿಯಮಗಳು ಹೊಸ ಅರ್ಜಿದಾರನು ಆಯುಧ ಸುರಕ್ಷತೆಯ ತರಬೇತಿ ಪಡೆಯಬೇಕೆಂದಿವೆ. ಕೋವಿಯಲ್ಲಿ ತೋಟೆಯಿರುವಾಗ ಸಂಕ ದಾಟಬಾರದು, ಬೇಲಿ ಹತ್ತಬಾರದು, ಪೊದೆ ಅಲುಗಿತೆಂದು ಈಡು ಹಾರಿಸಬಾರದು, ತೋಟೆಯನ್ನೂ ಕೋವಿಯನ್ನೂ ಬೇರೆ ಬೇರೆ ಬೀಗದಲ್ಲಿಡಬೇಕು ಎಂಬಂಥ ಜೀವ ಉಳಿಸುವ ಪಾಠಗಳನ್ನು ಅರ್ಧಂಬರ್ಧ ಅರ್ಥವಾಗುವ ಭಾಷೆಯಲ್ಲಿ ಕೇಳಿ ತಲೆಯಾಡಿಸಿ ಬಂದರೆ ಯಾರಿಗೆ ಪ್ರಯೋಜನ? ಹಂದಿಯೆಂದು ಬಗೆದು ಮನುಷ್ಯನಿಗೆ ಗುಂಡು ಹೊಡೆದ ಸುದ್ದಿಗಳು ಘಟ್ಟದ ಊರುಗಳಿಂದ ಆಗಾಗ ಬರುತ್ತಲೇ ಇವೆ.

ಇದನ್ನು ಮಲಯಾಳದ ಮೇಲಿನ ದೂರೆಂದು ಯಾರೂ ತಿಳಿಯಬೇಕಾಗಿಲ್ಲ. ನೆರೆಮನೆಯವರ ಭಾಷೆ ಅದು. ಹಂದಿ ಅವರ ಮರಗೆಣಸನ್ನೂ ಬಿಡುವುದಿಲ್ಲ. ನಾವು ಕೇಳುವುದು ಹೊಸದೇನೂ ಅಲ್ಲ. 1956ರ ನವೆಂಬರ 1ರಂದು ಈ ನಾಡು ಕೇರಳಕ್ಕೆ ಸೇರಿದಾಗಿನಿಂದ ಕೇಳುತ್ತ ಬಂದದ್ದನ್ನೇ ಕೇಳುತ್ತಿದ್ದೇವೆ. ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಒಪ್ಪಿಕೊಂಡಿತು. ಹಕ್ಕು ಪುಸ್ತಕದಲ್ಲಿದೆ, ಮೇಜಿನ ಮೇಲಿಲ್ಲ.

ಸಂಬಂಧಪಟ್ಟ ಅಧಿಕಾರಿಗಳಿಗೆ ದೊಡ್ಡ ಖರ್ಚಿನ ಕೆಲಸವನ್ನೇನೂ ನಾವು ಹೇಳುತ್ತಿಲ್ಲ. ಬೆಳೆ ರಕ್ಷಣೆಯ ಕೋವಿಗೆ ಬೇಕಾದ ದಾಖಲೆಗಳ ಪಟ್ಟಿ, ಹಂದಿ ಹೊಡೆಯುವ ಆದೇಶದ ಷರತ್ತುಗಳು, ತರಬೇತಿಯ ಪಾಠ, ಈ ಮೂರನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿದರೆ ನಾಲ್ಕೋ ಐದೋ ಪುಟವಾದೀತು. ಎಣ್ಮಕಜೆ, ಪೈವಳಿಕೆ, ಬೆಳ್ಳೂರು, ಕುಂಬ್ಡಾಜೆ, ದೇಲಂಪಾಡಿಯಂಥ ಪಂಚಾಯತುಗಳು ಕಾಯದೆ ತಾವೇ ಮಾಡಬಹುದು. ಕನ್ನಡ ಬಲ್ಲ ಸಿಬ್ಬಂದಿ ಅಲ್ಲಿದ್ದಾರೆ. ಅನುವಾದಕ್ಕೆ ಜನ ಸಾಲದಿದ್ದರೆ ನಮ್ಮ ಕಚೇರಿಗೆ ಕಳುಹಿಸಲಿ, ಎರಡು ದಿನದೊಳಗೆ ಮಾಡಿಕೊಡುತ್ತೇವೆ, ಪತ್ರಿಕೆಯಲ್ಲೂ ಪ್ರಕಟಿಸುತ್ತೇವೆ.

ಕಾಗದ ಬರೆದ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು. ಅರ್ಜಿಯೊಡನೆ ಕೊಡುವ ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಿರಿ. ತೋಟೆಕೋವಿ ಎಂದು ಸ್ಪಷ್ಟವಾಗಿ ನಮೂದಿಸಿ, ಕೇಪಿನ ಕೋವಿ ಏಕೆ ಸಾಲದೆಂಬುದನ್ನು ಎರಡು ಸಾಲಿನಲ್ಲಿ ಹೇಳಿ. ತೆರಿಗೆ ರಶೀದಿಯನ್ನೂ, ಬೆಳೆ ನಷ್ಟದ ಬಗ್ಗೆ ಕೃಷಿ ಭವನಕ್ಕೆ ಕೊಟ್ಟ ದೂರಿನ ಪ್ರತಿಯನ್ನೂ ಲಗತ್ತಿಸಿ. ತಾರೀಕು ಹಾಕಿದ ಸ್ವೀಕೃತಿ ಪಡೆಯದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ಕನ್ನಡದಲ್ಲಿದೆಯೆಂಬ ಕಾರಣಕ್ಕೆ ಅರ್ಜಿಯನ್ನು ಹಿಂತಿರುಗಿಸಿದರೆ, ಹಿಂತಿರುಗಿಸಿದ ಆ ಕಾಗದವನ್ನೇ ನಮಗೆ ಕಳುಹಿಸಿಕೊಡಿ.