ಹೊಸ್ತಿಲಲ್ಲೇ ಅಕ್ಷರ ಪರೀಕ್ಷೆ ಆಗಲಿ!

ಕನ್ನಡದ ಯುವ ಗೆಳೆಯರೇ,

ಜಾಲತಾಣದ ಅರ್ಜಿಯಲ್ಲಿ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಕಳಿಸಿ ನೋಡಿ. ಎಷ್ಟೋ ಕಡೆ ‘ಅಮಾನ್ಯ ಅಕ್ಷರ’ ಎಂದು ಮುಖಕ್ಕೆ ಹೊಡೆದಂತೆ ಉತ್ತರ ಬರುತ್ತದೆ. ಯಾವುದು ಅಮಾನ್ಯ? ೧೯೯೧ರಲ್ಲಿ, ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಜಾಗ ಪಡೆದ ಕನ್ನಡವೇ? ಕೇಳಿದರೆ ‘ಸುರಕ್ಷತೆ’ ಎನ್ನುತ್ತಾರೆ. ಈ ಸಬೂಬಿನ ಬಂಡವಾಳ ನೋಡೋಣ.

ಸರ್ವರಿಗೆ ತಲುಪುವುದು ಬರೀ ಅಂಕಿ. ಯುಟಿಎಫ್-೮ ಪದ್ಧತಿಯಲ್ಲಿ ‘ಕ’ ಎಂದರೆ ೨೨೪, ೧೭೮, ೧೪೯ ಎಂಬ ಮೂರು ಬೈಟು. ‘ಕನ್ನಡ’ ಎಂಬ ಪದಕ್ಕೆ ಹದಿನೈದು. ಒಂದು ಫಾಂಟಿನಲ್ಲಿ ಕಂಪೋಸ್ ಮಾಡಿದ ಪುಟವನ್ನು ಇನ್ನೊಂದರಲ್ಲಿ ತೆರೆದರೆ ಅಕ್ಷರ ಚೆಲ್ಲಾಪಿಲ್ಲಿಯಾಗುವುದು ನಮ್ಮಂಥ ಮುದ್ರಕರಿಗೆ ಗೊತ್ತು. ಸರ್ವರೂ ಪದ್ಧತಿ ನೋಡದೆ ಊಹೆಯಿಂದ ಓದಿದರೆ ಕನ್ನಡ ಕಸವಾಗುತ್ತದೆ.

ಪರೀಕ್ಷೆ ಬೇಕೇ ಬೇಕು. ೨೦೦೦ನೇ ಇಸವಿಯ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಐಐಎಸ್ ಸರ್ವರಿನ ದೊಡ್ಡ ಲೋಪವೊಂದು ಬಯಲಾಯಿತು. ಕಡತದ ವಿಳಾಸದಲ್ಲಿ ಬರುವ ಓರೆಗೆರೆಗೆ ಇರುವ ಸರಿಯಾದ ಬೈಟು ಒಂದೇ: ೪೭. ಅದನ್ನೇ ೧೯೨, ೧೭೫ ಎಂದು ಎರಡು ಬೈಟಿನ ಮಾರುವೇಷದಲ್ಲಿ ಕಳಿಸಿದರೆ ಕಾವಲಿನ ಭಾಗ ಗುರುತಿಸದೆ ಒಳಗೆ ಬಿಡುತ್ತಿತ್ತು. ಒಳಗಿನ ಭಾಗ ಮಾತ್ರ ಓರೆಗೆರೆ ಎಂದೇ ಓದುತ್ತಿತ್ತು. ಹೊರಗಿನವರಿಗೆ ಮುಚ್ಚಿದ ಕೋಣೆಗಳ ಬಾಗಿಲು ತೆರೆಯಿತು. ೨೦೦೧ರಲ್ಲಿ ನಿಮ್ಡಾ ಎಂಬ ಕಂಪ್ಯೂಟರ್ ಹುಳು ಹಬ್ಬಿದ ದಾರಿಗಳಲ್ಲಿ ಇದೂ ಒಂದು. ಇಂಥ ಮಾರುವೇಷವನ್ನು ಓದಲೇಕೂಡದೆಂದು ೨೦೦೩ರ ಯುಟಿಎಫ್-೮ ನಿಯಮಪತ್ರ ಕಟ್ಟುನಿಟ್ಟಾಗಿ ಹೇಳಿದೆ.

ಗಮನಿಸಿ ಗೆಳೆಯರೇ! ಕಳ್ಳ ನುಗ್ಗಿದ್ದು ಇಂಗ್ಲಿಷ್ ಕೀಲಿಮಣೆಯ ಗುರುತಿನ ಕೆಟ್ಟ ರೂಪದಲ್ಲಿ. ಶಿಕ್ಷೆ ಕನ್ನಡಕ್ಕೇಕೆ?

ಮದ್ದು ಸರಳ. ಬಂದ ಕೋರಿಕೆಯ ಬೈಟುಗಳು ನಿಯಮಬದ್ಧವೇ ಎಂದು ಹೊಸ್ತಿಲಲ್ಲೇ ನೋಡಿ. ಮುರುಕು, ಮಾರುವೇಷ ಇದ್ದರೆ ೪೦೦ ಎಂಬ ದೋಷಸಂಖ್ಯೆ ಕೊಟ್ಟು ವಾಪಸ್ ಕಳಿಸಿ. ತೇಪೆ ಹಾಕಿ ಒಳಗೆ ಬಿಡಬೇಡಿ. ಸರಿಯಿದ್ದರೆ ಯಾವ ಭಾಷೆಯಾದರೂ ಬರಲಿ. ಉಳಿದ ಸುರಕ್ಷತಾ ತಪಾಸಣೆ ಆಮೇಲೆ, ಓದಿ ಮುಗಿಸಿದ ಅಕ್ಷರಗಳ ಮೇಲೆ ನಡೆಯಲಿ. ಹೆಸರನ್ನು ಇಪ್ಪತ್ತು ಬೈಟಿಗೆ ಕತ್ತರಿಸುವ ಚಾಳಿಯೂ ನಿಲ್ಲಲಿ. ಕನ್ನಡದ ಆರು ಸಂಕೇತ ಹಿಡಿಸಿ ಏಳನೆಯದು ಅಲ್ಲಿ ತುಂಡಾಗುತ್ತದೆ.

ಬೆಂಗಳೂರಿನಲ್ಲಿ ಕುಳಿತು ಜಗತ್ತಿಗೆ ತಂತ್ರಾಂಶ ಬರೆಯುವವರಲ್ಲಿ ನೀವೂ ಇದ್ದೀರಿ. ನಾಳೆ ನಿಮ್ಮ ಸರ್ವರಿಗೆ ಕನ್ನಡದ ಒಂದು ಹೆಸರು, ಮುರಿದ ಒಂದು ಬೈಟು, ಎರಡನ್ನೂ ಕಳಿಸಿ ನೋಡಿ. ಮೊದಲನೆಯದು ಒಳಗೆ ಹೋಗಬೇಕು, ಎರಡನೆಯದು ಹೊರಗೇ ನಿಲ್ಲಬೇಕು. ಇದು ತಿರುವುಮುರುವಾಗಿದ್ದರೆ ಸರಿಪಡಿಸುವವರೆಗೆ ಸುಮ್ಮನೆ ಕೂರಬೇಡಿ!